ಹಾಕಿಸಿಕೊಳ್ಳದವರ ಲೆಕ್ಕ

ಪುಣೆಯ ಯೆರವಡಾ ಎಂದರೆ ಥಟ್ಟನೆ ನೆನಪಾಗುವುದು ಜೈಲು. 1932ರಲ್ಲಿ ಗಾಂಧೀಜಿ ಉಪವಾಸ ಕೂತದ್ದು ಇಲ್ಲಿ. ಅದಕ್ಕೂ ಎಷ್ಟೋ ಮೊದಲು, 1898ರ ಏಪ್ರಿಲ್ 18ರಂದು, ದಾಮೋದರ ಚಾಪೇಕರ್ ನೇಣಿಗೇರಿದ್ದೂ ಇಲ್ಲೇ. ಹಿಂದಿನ ವರ್ಷದ ಜೂನ್ 22ರ ರಾತ್ರಿ ಗಣೇಶಖಿಂಡ್ ರಸ್ತೆಯಲ್ಲಿ ಚಾಪೇಕರ್ ಸಹೋದರರ ಗುಂಡು ತಗುಲಿದ್ದು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ. ಪ್ಲೇಗು ಹುಡುಕುವ ನೆಪದಲ್ಲಿ ಗೋರಾ ಸೈನಿಕರು ಬೂಟುಗಾಲಲ್ಲೇ ದೇವರ ಮನೆ, ಅಡುಗೆ ಮನೆಗಳಿಗೆ ನುಗ್ಗಿದ್ದರು. ಸರಕಾರದ ಔಷಧ, ಸರಕಾರದ ಡಾಕ್ಟರು ಎಂದರೆ ಊರಿಗೆ ಊರೇ ಬೆಚ್ಚುತ್ತಿತ್ತು.

ಅದೇ 1897ರಲ್ಲಿ, ಯೆರವಡಾದಿಂದ ಮುಳಾ ನದಿ ದಾಟಿದರೆ ಸಿಗುವ ಖಡಕಿ ದಂಡಿನಲ್ಲಿ ಒಂದು ಲೆಕ್ಕ ನಡೆದಿತ್ತು. ಫಿರಂಗಿ ಪಡೆಯ ಜೊತೆಗೆ ಬದುಕುತ್ತಿದ್ದ ಊಳಿಗದವರು, ದೇಶೀ ಸಿಪಾಯಿಗಳು, ಅವರ ಹೆಂಡತಿ ಮಕ್ಕಳು ಸೇರಿ 1,530 ಜನ. ಅವರಲ್ಲಿ 671 ಜನ ವಾಲ್ಡೆಮಾರ್ ಹಾಫ್ಕಿನ್ ತಯಾರಿಸಿದ ಪ್ಲೇಗು ಲಸಿಕೆ ಹಾಕಿಸಿಕೊಂಡರು, 859 ಜನ ಹಾಕಿಸಿಕೊಳ್ಳಲಿಲ್ಲ. ಹಾಕಿಸಿಕೊಳ್ಳದವರಲ್ಲಿ 143 ಜನಕ್ಕೆ ಪ್ಲೇಗು ಬಂತು, 98 ಜನ ತೀರಿಕೊಂಡರು. ಹಾಕಿಸಿಕೊಂಡವರಲ್ಲಿ 32 ಜನಕ್ಕೆ ಬಂತು, 17 ಜನ ತೀರಿಕೊಂಡರು. 1899ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಹಾಫ್ಕಿನ್ ಈ ಅಂಕಿಗಳನ್ನು ಇಟ್ಟ.

ಇಂದಿನ ವಿಧಾನದಲ್ಲಿ ಇದನ್ನೇ ಹೀಗೆ ಬಿಡಿಸುತ್ತಾರೆ. ಲಸಿಕೆ ಇಲ್ಲದವರಲ್ಲಿ ರೋಗ ಬಂದದ್ದು ನೂರಕ್ಕೆ 16.6 ಜನಕ್ಕೆ, ಇದ್ದವರಲ್ಲಿ 4.8 ಜನಕ್ಕೆ. ಲಸಿಕೆ ತಡೆದದ್ದು ಸುಮಾರು ಶೇ 71. ಇಷ್ಟು ಸುಲಭ. ಆದರೆ ಈ ಶೇ 71ನ್ನು ಕೊಟ್ಟವರು ಯಾರು? ಲಸಿಕೆ ಹಾಕಿಸಿಕೊಂಡ 671 ಜನರಷ್ಟೇ ಅಲ್ಲ. ಹಾಕಿಸಿಕೊಳ್ಳದೆ ಅದೇ ಬ್ಯಾರಕ್ಕುಗಳಲ್ಲಿ ಬದುಕಿದ, ಸತ್ತ 859 ಜನ ಇರದಿದ್ದರೆ ಆ ಲಸಿಕೆಗೆ ಬೆಲೆ ಕಟ್ಟಲು ದಾರಿಯೇ ಇರಲಿಲ್ಲ. ಸೈನ್ಯದಲ್ಲಿ ಫ್ಲೂ ಲಸಿಕೆ ಎಷ್ಟು ಕೆಲಸ ಮಾಡುತ್ತದೆ ಎಂದು ಇವತ್ತು ಅಳೆಯುವವರು ತಲೆ ಕೆಡಿಸಿಕೊಂಡಿರುವುದು ಇದೇ ಗುಂಪಿನ ವಿಷಯಕ್ಕೆ. ಈ ಅಳತೆಯ ಬೇರು ನಮ್ಮ ನೆಲದಲ್ಲೇ ಇದೆ, ಅದರ ಒಂದೆರಡು ಎಳೆ ಧಾರವಾಡ ಹುಬ್ಬಳ್ಳಿಗೂ ಬಂದು ಸೇರುತ್ತವೆ. ಹಾಗಾಗಿ ಇದು ಹೇಗೆ ಬೆಳೆಯಿತು ಎಂಬುದನ್ನು ನಾವು ತಿಳಿದಿರಬೇಕು ಅನ್ನಿಸುತ್ತದೆ.

ಹಾಫ್ಕಿನ್ ಒಡೆಸ್ಸಾದಲ್ಲಿ ಹುಟ್ಟಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಕೆಲಸ ಕಲಿತವನು. 1893ರಲ್ಲಿ ಕಾಲರಾ ಲಸಿಕೆ ಹಿಡಿದು ಭಾರತಕ್ಕೆ ಬಂದ. ಅವನ ವರದಿಗಳಲ್ಲಿ ನನಗೆ ಹೆಚ್ಚು ಗೌರವ ಹುಟ್ಟಿಸುವುದು ಸೋತ ಲೆಕ್ಕಗಳನ್ನೂ ಮುಚ್ಚಿಡದ ಗುಣ. 1894ರಲ್ಲಿ ಲಖನೌದ ಈಸ್ಟ್ ಲ್ಯಾಂಕಾಶೈರ್ ರೆಜಿಮೆಂಟಿಗೆ ಕಾಲರಾ ಬಡಿಯಿತು. ಲಸಿಕೆ ಇಲ್ಲದ 640 ಸೈನಿಕರಲ್ಲಿ 79 ಜನ ಸತ್ತರು, ಇದ್ದ 133 ಜನರಲ್ಲಿ 13 ಜನ. ಅಂತರ ಅಷ್ಟಕ್ಕಷ್ಟೇ. ಲಸಿಕೆ ಕೊಟ್ಟು ವರ್ಷದ ಮೇಲಾಗಿತ್ತು, ಡೋಸೂ ದುರ್ಬಲವಾಗಿತ್ತು ಎಂದು ಅವನು ಕಾರಣ ಕೊಟ್ಟ, ಅಂಕಿಗಳನ್ನಂತೂ ಪ್ರಕಟಿಸಿದ.

ಇಂಥ ಲೆಕ್ಕಗಳಿಗೆ ಹೆಚ್ಚಾಗಿ ಸಿಕ್ಕವರು ಸೈನಿಕರು ಮತ್ತು ಕೈದಿಗಳು. ಅವರೇ ಏಕೆ? ಅವರು ಒಂದೇ ಸೂರಿನಡಿ ಮಲಗುತ್ತಾರೆ, ಒಂದೇ ಅಡುಗೆ ಉಣ್ಣುತ್ತಾರೆ, ದಿನವೂ ಎಣಿಸಲ್ಪಡುತ್ತಾರೆ. ಯಾರಿಗೆ ಯಾವಾಗ ಜ್ವರ ಬಂತೆಂಬುದು ದಫ್ತರದಲ್ಲಿ ಇರುತ್ತದೆ. ಲೆಕ್ಕ ಮಾಡುವವನಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ. ಇನ್ನೊಂದು ಕಾರಣವನ್ನೂ ನೇರವಾಗಿ ಹೇಳಬೇಕು: ಬೇಡ ಎನ್ನುವ ಶಕ್ತಿ ಅವರಿಗೆ ಕಡಿಮೆ. ಪುಣೆಯ ಪೇಟೆಗಳಲ್ಲಿ ಜನ ಲಸಿಕೆಗೆ ಬಾಗಿಲು ಹಾಕಿಕೊಳ್ಳಬಹುದಿತ್ತು, ಜೈಲಿನಲ್ಲಿ ಬಾಗಿಲ ಕೀಲಿ ಇದ್ದದ್ದು ಸರಕಾರದ ಕೈಯಲ್ಲಿ.

1898ರ ಜನವರಿಯಲ್ಲಿ ಮುಂಬೈಯ ಉಮರ್‌ಖಾಡಿ ಜೈಲಿನಲ್ಲಿ ಕೈದಿಗಳನ್ನು ಸಾಲಾಗಿ ಕೂರಿಸಿ, ಒಬ್ಬರನ್ನು ಬಿಟ್ಟು ಒಬ್ಬರಿಗೆ ಪ್ಲೇಗು ಲಸಿಕೆ ಹಾಕಿದರು. ಗಟ್ಟಿಮುಟ್ಟಾದವನಿಗೆ ಹಾಕಿ, ಬಡಕಲನನ್ನು ಬಿಡುವ ಪಕ್ಷಪಾತ ಇದರಿಂದ ತಪ್ಪಿತು. ಮರುತಿಂಗಳು ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ ಪ್ರತಿ ಮನೆಯಲ್ಲೂ ಅರ್ಧ ಜನಕ್ಕೆ ಹಾಕಿ ಅರ್ಧ ಜನರನ್ನು ಬಿಟ್ಟರು. ಆರು ವಾರದ ಬಳಿಕ ಪ್ಲೇಗು ಹೊಕ್ಕ 28 ಮನೆಗಳನ್ನು ನೋಡಿದರೆ, ಲಸಿಕೆ ಇಲ್ಲದ 64 ಜನರಲ್ಲಿ 26 ಜನ ಸತ್ತಿದ್ದರು, ಇದ್ದ 71 ಜನರಲ್ಲಿ ಮೂವರು. ಒಂದೇ ಮನೆಯ ಅಣ್ಣ ತಮ್ಮಂದಿರ ನಡುವೆ ಗೆರೆ ಎಳೆದು ಸಿಕ್ಕ ಉತ್ತರ ಇದು. ಅಷ್ಟು ಸ್ಪಷ್ಟವಾದ ಉತ್ತರಕ್ಕೆ ಆ ಮನೆಗಳು ತೆತ್ತ ಬೆಲೆಯನ್ನು ಮರೆತು ಈ ಅಂಕಿ ಓದಲು ನನಗೆ ಆಗುವುದಿಲ್ಲ.

ಅದೇ ವರ್ಷ ಧಾರವಾಡ ಜೈಲಿಗೂ ಪ್ಲೇಗು ನುಗ್ಗಿತು. ಅಲ್ಲಿ ಅರ್ಧ ಬಿಡುವ ಮಾತೇ ಬರಲಿಲ್ಲ, ಕೈದಿಗಳಿಗೆಲ್ಲ ಲಸಿಕೆ ಹಾಕಿದರು. ರೋಗ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತು. ಮನುಷ್ಯರಾಗಿ ನೋಡಿದರೆ ಮಾಡಬೇಕಾದ್ದು ಇದೇ. ಆದರೆ ನಿಲ್ಲಿಸಿದ್ದು ಲಸಿಕೆಯೋ, ರೋಗ ತಾನಾಗಿಯೇ ಇಳಿಯಿತೋ ಎಂದು ಕೇಳಿದರೆ ಧಾರವಾಡ ಜೈಲು ಉತ್ತರ ಹೇಳಲಾರದು. ಪಕ್ಕದ ಹುಬ್ಬಳ್ಳಿಯಲ್ಲಿ ಡಾಕ್ಟರ್ ಲಾಯ್ಮನ್ ಎಂಬ ಸೇನಾ ವೈದ್ಯ ಮೂವತ್ತು ಸಾವಿರಕ್ಕೂ ಹೆಚ್ಚು ಜನಕ್ಕೆ ಲಸಿಕೆ ಹಾಕಿಸಿದ. ಅಲ್ಲಿ ತೊಡಕು ಬೇರೆ ಥರ. ಈ ವಾರ ಲಸಿಕೆ ಇಲ್ಲದ ಗುಂಪಿನಲ್ಲಿದ್ದವನು ಮುಂದಿನ ವಾರ ಲಸಿಕೆ ಪಡೆದವರ ಗುಂಪಿಗೆ ಬರುತ್ತಾನೆ, ಹಾಗಾಗಿ ಎರಡೂ ಗುಂಪುಗಳ ತಲೆ ಎಣಿಕೆಯನ್ನು ವಾರವಾರವೂ ಬದಲಿಸಬೇಕಾಯಿತು. ಆ ಕೋಷ್ಟಕಗಳಲ್ಲಿ ತಪ್ಪುಗಳಿವೆ ಎಂದು ಸರಕಾರ ನೇಮಿಸಿದ್ದ ಪ್ಲೇಗ್ ಆಯೋಗ ಆಕ್ಷೇಪ ಎತ್ತಿತು. ಆದರೂ ಗುಂಪು ಹರಿಯುತ್ತಿರುವಾಗಲೇ ಎಣಿಸುವ ಆ ಯತ್ನ ಕಾಲಕ್ಕಿಂತ ಮುಂದಿತ್ತು.

1915ರಲ್ಲಿ ಮೇಜರ್ ಗ್ರೀನ್‌ವುಡ್ ಮತ್ತು ಉಡ್ನಿ ಯೂಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಲಂಡನ್ನಿನಲ್ಲಿ ಈ ಗೋಜಲಿಗೆಲ್ಲ ನಿಯಮ ಬರೆದರು. (ಮೇಜರ್ ಎಂಬುದು ಗ್ರೀನ್‌ವುಡ್‌ನ ಹೆಸರು, ಸೇನೆಯ ಹುದ್ದೆಯಲ್ಲ.) ಸೈನಿಕರಿಗೆ ಕೊಟ್ಟ ಟೈಫಾಯ್ಡ್ ಲಸಿಕೆ, ಕಾಲರಾ ಲಸಿಕೆಗಳ ಅಂಕಿಗಳೇ ಅವರ ಕಚ್ಚಾ ಸಾಮಗ್ರಿ. ಎರಡು ಗುಂಪುಗಳು ಎಲ್ಲ ಮುಖ್ಯ ವಿಷಯದಲ್ಲೂ ಒಂದೇ ಥರ ಇರಬೇಕು, ರೋಗ ತಗುಲುವ ಅವಕಾಶ ಎರಡಕ್ಕೂ ಸಮನಾಗಿರಬೇಕು, ರೋಗ ಗುರುತಿಸುವವನ ಮೇಲೆ ಲಸಿಕೆಯ ಸುದ್ದಿ ಪ್ರಭಾವ ಬೀರಬಾರದು. ಇವು ತಪ್ಪಿದರೆ ಅಂಕಿ ಎಷ್ಟೇ ದೊಡ್ಡದಿರಲಿ, ಅದು ಸುಳ್ಳು ಹೇಳುತ್ತದೆ ಎಂಬುದು ಅವರ ಎಚ್ಚರಿಕೆ.

ಎಚ್ಚರಿಕೆ ನಿಜವಾಗಲು ಹೆಚ್ಚು ದಿನ ಹಿಡಿಯಲಿಲ್ಲ. 1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಮುಂಬೈ ಬಂದರಿಗೆ ಜೂನ್‌ನಲ್ಲಿ ಕಾಲಿಟ್ಟು, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮುಂಬೈ ಪ್ರಾಂತವನ್ನು ಹಿಂಡಿ, ದೇಶದಲ್ಲಿ ಕೋಟಿಗೂ ಮೀರಿ ಜೀವ ತೆಗೆಯಿತು. ಅದಕ್ಕೆ ಕಾರಣ ವೈರಸ್ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಬ್ಯಾಕ್ಟೀರಿಯಾ ಎಂದು ನಂಬಿ ಲಸಿಕೆ ತಯಾರಿಸಿ ಬ್ರಿಟಿಷ್ ಸೈನಿಕರಿಗೆ ಕೊಟ್ಟರು. 1920ರಲ್ಲಿ ಸೇನಾ ವೈದ್ಯ ವಿಲಿಯಂ ಲೀಶ್‌ಮನ್ ಫಲಿತಾಂಶ ಪ್ರಕಟಿಸಿದ: ಲಸಿಕೆ ಪಡೆದವರಲ್ಲಿ ಸಾವಿರಕ್ಕೆ 14 ಜನಕ್ಕೆ ಫ್ಲೂ, ಪಡೆಯದವರಲ್ಲಿ 47 ಜನಕ್ಕೆ. ಖಡಕಿಯ ಶೇ 71ಕ್ಕೆ ಸಾಟಿಯಾದ ಅಂಕಿ! ಆದರೆ ಆ ಸೀಸೆಯಲ್ಲಿ ಫ್ಲೂ ವೈರಸ್ಸೇ ಇರಲಿಲ್ಲ. ನ್ಯುಮೋನಿಯಾವನ್ನು ಅದು ಸ್ವಲ್ಪ ತಡೆದಿರಬಹುದು, ಫ್ಲೂ ತಗುಲುವುದನ್ನೇ ಮೂರು ಪಟ್ಟು ಇಳಿಸಲು ಕಾರಣವೇ ಇಲ್ಲ. ತಾನಾಗಿ ಬಂದು ಹಾಕಿಸಿಕೊಳ್ಳುವವನು ಬೇರೆ, ಹಿಂದೆ ಸರಿಯುವವನು ಬೇರೆ. ಅಲೆ ಏರುವಾಗ ಎಣಿಸಿದ್ದು ಬೇರೆ, ಇಳಿದ ಮೇಲೆ ಎಣಿಸಿದ್ದು ಬೇರೆ. ಅಮೆರಿಕದಲ್ಲಿ ಮೆಕಾಯ್ ಮತ್ತು ಸಂಗಡಿಗರು ಇಂಥದೇ ಬ್ಯಾಕ್ಟೀರಿಯಾ ಲಸಿಕೆಯನ್ನು ಕ್ಯಾಲಿಫೋರ್ನಿಯಾದ ಒಂದು ಮಾನಸಿಕ ಆಸ್ಪತ್ರೆಯ ವಾರ್ಡುಗಳಲ್ಲಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ಕೊಟ್ಟು ನೋಡಿದರು. ಉಪಯೋಗ ಶೂನ್ಯ. ಉಮರ್‌ಖಾಡಿಯ ಸಾಲು ಮಾಡಿದ್ದನ್ನು ಲೀಶ್‌ಮನ್‌ನ ಹತ್ತಾರು ಸಾವಿರ ಸೈನಿಕರಿಂದ ಮಾಡಲಾಗಲಿಲ್ಲ.

ಫ್ಲೂ ವೈರಸ್ಸನ್ನು ಮನುಷ್ಯರಿಂದ ಹಿಡಿದದ್ದು 1933ರಲ್ಲಿ. ಎರಡನೇ ಮಹಾಯುದ್ಧ ಹತ್ತಿರ ಬಂದಾಗ 1918ರ ಭಯ ಅಮೆರಿಕದ ಸೇನೆಯನ್ನು ಬಿಟ್ಟಿರಲಿಲ್ಲ. 1941ರಲ್ಲಿ ಸೇನೆ ಫ್ಲೂಗೆಂದೇ ಒಂದು ಆಯೋಗ ರಚಿಸಿ ವೈರಾಣು ತಜ್ಞ ಥಾಮಸ್ ಫ್ರಾನ್ಸಿಸ್‌ಗೆ ವಹಿಸಿತು. ಅವನ ಕೈಕೆಳಗೆ ದುಡಿದವರಲ್ಲಿ ಮುಂದೆ ಪೋಲಿಯೊ ಲಸಿಕೆಗೆ ಹೆಸರಾದ ಜೋನಾಸ್ ಸಾಕ್ ಕೂಡ ಇದ್ದ. 1943ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ತರಬೇತಿಗಿದ್ದ ಸುಮಾರು 12,500 ಸೈನಿಕರಲ್ಲಿ ಅರ್ಧ ಜನಕ್ಕೆ ನಿಜವಾದ ಲಸಿಕೆ, ಅರ್ಧ ಜನಕ್ಕೆ ಬರಿಯ ದ್ರಾವಣ. ಆ ಚಳಿಗಾಲ ಫ್ಲೂ ಬಂತು: ಲಸಿಕೆ ಪಡೆದವರಲ್ಲಿ ಶೇ 2.22, ಉಳಿದವರಲ್ಲಿ ಶೇ 7.11. ತಡೆ ಸುಮಾರು ಶೇ 69. ಈ ಸಲ ನಂಬಬಹುದಾದ ಅಂಕಿ.

ನಂಬಿಕೆ ನಾಲ್ಕೇ ವರ್ಷ ಬಾಳಿತು. 1947ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅದೇ ತಂಡ ಮತ್ತೆ ಎಣಿಸಿದಾಗ ಲಸಿಕೆ ಪಡೆದವರಲ್ಲಿ ಶೇ 7.19, ಪಡೆಯದವರಲ್ಲಿ ಶೇ 8.09. ಲಸಿಕೆ ಕೆಟ್ಟಿರಲಿಲ್ಲ, ವೈರಸ್ ವೇಷ ಬದಲಿಸಿತ್ತು. ಆ ಹೊಸ ವೈರಸ್ ಸಿಕ್ಕಿದ್ದೂ ಫೋರ್ಟ್ ಮನ್ಮತ್ ಎಂಬ ಸೇನಾ ನೆಲೆಯಲ್ಲಿ. ಫ್ಲೂ ಲಸಿಕೆಯನ್ನು ಒಮ್ಮೆ ಅಳೆದು ಮುಗಿಸುವಂತಿಲ್ಲ, ಪ್ರತಿ ವರ್ಷ ಅಳೆಯಲೇಬೇಕು ಎಂಬುದು ಆಗ ಖಚಿತವಾಯಿತು. ಜಗತ್ತಿನ ಫ್ಲೂ ವೈರಸ್ಸುಗಳನ್ನು ಕಾಯುವ ಜಾಲ ಹುಟ್ಟಿದ್ದೂ ಆ ದಿನಗಳಲ್ಲೇ.

ಆದರೆ ಪ್ರತಿ ವರ್ಷ ಅಳೆಯಲು ಪ್ರತಿ ವರ್ಷ ಅರ್ಧ ಸೈನ್ಯವನ್ನು ಲಸಿಕೆಯಿಲ್ಲದೆ ಬಿಡಲಾದೀತೆ? ಆಗದು, ಆಗಬಾರದು. ಅಮೆರಿಕದ ಸೇನೆ ಎಲ್ಲರಿಗೂ ಫ್ಲೂ ಲಸಿಕೆ ಕಡ್ಡಾಯ ಮಾಡಿತು. ಅಲ್ಲಿಗೆ ಧಾರವಾಡ ಜೈಲಿನ ಸಮಸ್ಯೆ ಅವರ ಮುಂದೆ ಬಂದು ನಿಂತಿತು. 1996ರಲ್ಲಿ ಅರ್ಕಾನ್ಸಾ ಎಂಬ ಯುದ್ಧನೌಕೆಯಲ್ಲಿ ಶೇ 95 ಜನ ಲಸಿಕೆ ಪಡೆದಿದ್ದರೂ ಶೇ 42 ಜನ ಫ್ಲೂನಿಂದ ಮಲಗಿದರು. 2014ರಲ್ಲಿ ಆರ್ಡೆಂಟ್ ಎಂಬ ನೌಕೆಯ 102 ಸಿಬ್ಬಂದಿಯಲ್ಲಿ 99 ಪ್ರತಿಶತ ಲಸಿಕೆ ಪಡೆದವರೇ, 25 ಜನಕ್ಕೆ ಜ್ವರ ಕೆಮ್ಮು. ಇದನ್ನು ಓದಿದವರು ಲಸಿಕೆ ದಂಡ ಎಂದುಬಿಡುತ್ತಾರೆ. ಹಾಗೆನ್ನಲು ಆಧಾರವಿಲ್ಲ. ಲಸಿಕೆ ಇಲ್ಲದಿದ್ದರೆ ಎಷ್ಟು ಜನ ಮಲಗುತ್ತಿದ್ದರು ಎಂದು ಹೇಳಬಲ್ಲ ಗುಂಪೇ ಆ ಹಡಗಿನಲ್ಲಿ ಇರಲಿಲ್ಲ.

ಈಗ ಬಳಕೆಯಲ್ಲಿರುವ ಉಪಾಯ ಬೇರೆ. ಕೆಮ್ಮು ಜ್ವರ ಎಂದು ದವಾಖಾನೆಗೆ ಬಂದವರ ಮೂಗಿನ ದ್ರವ ಪರೀಕ್ಷಿಸುತ್ತಾರೆ. ಕೆಲವರಿಗೆ ಫ್ಲೂ, ಕೆಲವರಿಗೆ ಬೇರೆ ಯಾವುದೋ ವೈರಸ್. ಎರಡೂ ಗುಂಪಿನವರು ಡಾಕ್ಟರ ಹತ್ತಿರ ಬರುವ ಸ್ವಭಾವದವರೇ ಆದ್ದರಿಂದ ಆ ಮಟ್ಟಿಗೆ ಸಮಾನರು. ಫ್ಲೂ ಇದ್ದವರಲ್ಲಿ ನೂರಕ್ಕೆ 30 ಜನ, ಇಲ್ಲದವರಲ್ಲಿ ನೂರಕ್ಕೆ 50 ಜನ ಲಸಿಕೆ ಪಡೆದಿದ್ದಾರೆ ಎಂದುಕೊಳ್ಳಿ. ಲೆಕ್ಕ ಬಿಡಿಸಿದರೆ ತಡೆ ಸುಮಾರು ಶೇ 57. ಯಾರಿಗೂ ಲಸಿಕೆ ತಪ್ಪಿಸದೆ ಸಿಗುವ ಉತ್ತರ ಇದು. ಸೈನ್ಯದಲ್ಲಿ ಇದೂ ಎಡವುತ್ತದೆ. ನೂರರಲ್ಲಿ 98 ಜನ ಲಸಿಕೆ ಪಡೆದ ಪಡೆಯಲ್ಲಿ ಉಳಿದ ಇಬ್ಬರು ಯಾರು? ನಿನ್ನೆ ಮೊನ್ನೆ ಸೇರಿದ ಹುಡುಗ ಇರಬಹುದು, ಲಸಿಕೆ ಒಗ್ಗದ ರೋಗಿ ಇರಬಹುದು. ಅವರನ್ನು ಉಳಿದ 98 ಜನರ ಪಕ್ಕ ನಿಲ್ಲಿಸಿ ಹೋಲಿಸಿದರೆ ಗ್ರೀನ್‌ವುಡ್, ಯೂಲ್ ಹಾಕಿದ ಮೊದಲ ಷರತ್ತೇ ಮುರಿಯುತ್ತದೆ. ಅದಕ್ಕೇ ಸಂಶೋಧಕರು ಸೈನಿಕರ ಜೊತೆಗೆ ಕಡ್ಡಾಯದ ಹೊರಗಿರುವ ಅವರ ಕುಟುಂಬದವರನ್ನೂ ಲೆಕ್ಕಕ್ಕೆ ತರುತ್ತಾರೆ. ಖಡಕಿಯ ಬ್ಯಾರಕ್ಕಿನ ಹೆಂಡತಿ ಮಕ್ಕಳು ಇನ್ನೊಂದು ರೂಪದಲ್ಲಿ ಮರಳಿ ಬಂದಂತೆ.

ಕರ್ನಾಟಕಕ್ಕೆ ಇದು ಹೊರಗಿನ ಕಥೆಯಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಸ್ ಪತ್ತೆ ಮಾಡಿದ್ದು ಪುಣೆಯ ಸಂಸ್ಥೆ, ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಆ ಕಾಯಿಲೆಯ ಲಸಿಕೆಯನ್ನು ಮಲೆನಾಡಿನಲ್ಲಿ ದಶಕಗಳ ಕಾಲ ಹಾಕಿದರು. 2005ರಿಂದ 2010ರ ಅಂಕಿಗಳನ್ನು ಅಳೆದಾಗ ಎರಡು ಡೋಸಿಗೆ ಸಿಕ್ಕಿದ್ದು ಸುಮಾರು ಶೇ 62ರ ತಡೆ. ಕೊನೆಗೆ 2022ರಲ್ಲಿ, ಪ್ರಯೋಜನ ಸಾಲದೆಂದು, ಅದನ್ನು ನಿಲ್ಲಿಸಬೇಕಾಯಿತು. ಎರಡೆರಡು ಸಲ ನೋಯುವ ಸೂಜಿ ಚುಚ್ಚಿಸಿಕೊಂಡ ತೀರ್ಥಹಳ್ಳಿ, ಸಾಗರದ ಕೂಲಿಕಾರರಿಗೆ ವರ್ಷವರ್ಷವೂ ಅಳೆದ ಉತ್ತರ ಸಿಗಬೇಕಿತ್ತು.

ದೊಡ್ಡವರಿಗೆ ಫ್ಲೂ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ. ಇದನ್ನು ನಾನು ಕೊರತೆ ಎಂದೇ ಕರೆಯುತ್ತೇನೆ. ಆದರೆ ಅದು ಬರುವ ದಿನಕ್ಕೆ ತಯಾರಿ ಈಗಲೇ ಆಗಬೇಕು. ಯಾರಿಗೆ ಯಾವ ತಾರೀಖು, ಯಾವ ಬ್ಯಾಚಿನ, ಯಾವ ವೈರಸ್ ಮಾದರಿಯ ಲಸಿಕೆ ಎಂಬ ದಾಖಲೆ, ಮತ್ತು ಕೆಮ್ಮಿ ಬಂದವರಲ್ಲಿ ಫ್ಲೂ ಇಲ್ಲದವರ ಪರೀಕ್ಷಾ ಫಲಿತಾಂಶವನ್ನೂ ಬಿಸಾಡದೆ ಇಡುವ ಕ್ರಮ. ಪುಣೆಯಲ್ಲಿ ವೈರಾಣು ಸಂಸ್ಥೆ ಇದೆ, ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿದೆ, ಮೂಗಿನ ಮೂಲಕ ಕೊಡುವ ಫ್ಲೂ ಲಸಿಕೆಯನ್ನು 2010ರಲ್ಲೇ ಮಾರುಕಟ್ಟೆಗೆ ತಂದ ಸೀರಮ್ ಇನ್‌ಸ್ಟಿಟ್ಯೂಟ್ ಇದೆ. ದಂಡುಗಳೂ ಇವೆ. ಈ ಸಲ ಲೆಕ್ಕಕ್ಕೆ ಬರುವವರನ್ನು ಸಾಲಾಗಿ ಕೂರಿಸುವ ಬದಲು ಕೇಳಿ, ತಿಳಿಸಿ, ಒಪ್ಪಿಸಿ ಎಣಿಸಬೇಕು, ಮತ್ತು ಬಂದ ಉತ್ತರವನ್ನು ಮೊದಲು ಅವರಿಗೇ ಹೇಳಬೇಕು.