ಓರೆಯಾದ ದಪ್ಪ ಅಕ್ಷರ

ಕೊಪ್ಪದ ಬಸ್ ನಿಲ್ದಾಣದಲ್ಲಿ ಆಷಾಢದ ಮಳೆ ಹಿಡಿದಿತ್ತು. "ಇದು ಎಲ್ಲಿಯ ಬಸ್ಸು?" ಎಂದು ವೃದ್ಧರೊಬ್ಬರು ಕೇಳಿದರು. ಓದುಬಲ್ಲವರೇ, ಕಂಕುಳಲ್ಲಿ ಪತ್ರಿಕೆಯಿತ್ತು. ಫಲಕದ ದಪ್ಪ ಅಕ್ಷರಗಳು ಮಾತ್ರ ಗಾಳಿಗೆ ಬಾಗಿದ ಅಡಕೆಮರಗಳಂತೆ ಬಲಕ್ಕೆ ವಾಲಿದ್ದವು. ನಾನೂ ಎರಡು ಬಾರಿ ನೋಡಬೇಕಾಯಿತು.

ಈ ವಾಲಿಕೆ ನಮ್ಮ ಲಿಪಿಗೆ ಹೊರಗಿನಿಂದ ಬಂದದ್ದು. ಬರೆವ ಕೈಯ ಓಟವನ್ನನುಸರಿಸಿ ಗ್ರಿಫೋ ಕೊರೆದ ಓರೆಯಚ್ಚಿನಲ್ಲಿ, ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಷಿಯಸ್ 1501ರಲ್ಲಿ ಪುಸ್ತಕ ಹೊರತಂದನು. ತುದಿಗೆರೆಗಳಿಲ್ಲದ ಬೋಳು ರೋಮನ್ ಅಚ್ಚು ಲಂಡನ್ನಿನಲ್ಲಿ ಕಾಣಿಸಿಕೊಂಡದ್ದು 1816ರ ಸುಮಾರಿಗೆ. ಎರಡೂ ಕೂಡಿ ದಪ್ಪವಾದರೆ ವೇಗದ ಭಾವ ಹುಟ್ಟುತ್ತದೆ. ಬಸ್ಸಿಗೆ ಅದನ್ನು ಆರಿಸುವುದು ಸಹಜವೇ.

ಕನ್ನಡದ ಪಾಡು ಬೇರೆ. ನೆಟ್ಟಗಿನ ಅಕ್ಷರವನ್ನು ಗಣಕಯಂತ್ರ ಸುಮ್ಮನೆ ಓರೆಗೆ ತಳ್ಳಿದರೆ ತಲೆಕಟ್ಟು ಬಲಕ್ಕೆ ಸರಿದು ನೆರೆಯಕ್ಷರವನ್ನು ತಾಗುತ್ತದೆ, ಕೆಳಗಿನ ಒತ್ತು ಎಡಕ್ಕೆ ಜಾರುತ್ತದೆ. 'ಕೊಪ್ಪ'ದ ಒತ್ತಿಗೂ 'ಶೃಂಗೇರಿ'ಯ ಋಕಾರಕ್ಕೂ ಇದೇ ಗತಿ. ದಪ್ಪ ಹೆಚ್ಚಿದಂತೆ ಒಳಬಯಲು ಮುಚ್ಚಿ ಪಕಾರ ಷಕಾರದಂತೆ ತೋರೀತು. ಎಂಟಕ್ಷರದ ನರಸಿಂಹರಾಜಪುರವನ್ನು ಅದೇ ಹಲಗೆಯಲ್ಲಿ ತುರುಕಿದರಂತೂ ಕೇಳುವುದೇ ಬೇಡ! ಕುಂಚ ಹಿಡಿದ ಕಲಾವಿದನಾದರೆ ಒತ್ತನ್ನು ಅದರ ಎಡೆಗೆ ಮರಳಿಸಿ, ಒಳಬಯಲನ್ನು ಬಿಡಿಸಿ ಬರೆಯುತ್ತಾನೆ. ಓರೆಯಚ್ಚನ್ನು ರೂಪಿಸುವವರೂ ಹಾಗೆಯೇ ಒಂದೊಂದಕ್ಷರವನ್ನು ತಿದ್ದಬೇಕು.

"ನರಸಿಂಹರಾಜಪುರ" ಎಂದೆ. ಶೃಂಗೇರಿಗೆ ಹೊರಟಿದ್ದ ಅವರು ಮೆಟ್ಟಿಲಿನ ಮೇಲಿಟ್ಟ ಕಾಲನ್ನು ಹಿಂದೆಗೆದರು.