ಹಿತ್ತಲ ದೊಡ್ಡ ಟೊಮ್ಯಾಟೊ: ಬೀಜ ಮನೆಯದೇ ಇರಲಿ

ಸಾಂಗ್ಲಿಯ ಪೇಟೆಗೆ ಇಂದು ಬರುವ ಟೊಮ್ಯಾಟೊ ಬಹುತೇಕ ಸಂಕರ ಜಾತಿಯದು. ಗಟ್ಟಿ ಸಿಪ್ಪೆ, ಒಂದೇ ಅಳತೆ. ದೂರ ಸಾಗಿಸಲು ಅನುಕೂಲ. ವ್ಯಾಪಾರಕ್ಕೆ ಅದೇ ಸರಿ. ಆದರೆ ಅದರ ಬೀಜ ತೆಗೆದಿಟ್ಟು ಮರುವರ್ಷ ಹಾಕಿದರೆ ಒಂದೊಂದು ಗಿಡ ಒಂದೊಂದು ಬಗೆಯಾಗುತ್ತದೆ. ಗೆರೆಗೆರೆಯಾಗಿ ಉಬ್ಬಿದ, ತೆಳು ಸಿಪ್ಪೆಯ, ಒಂದೊಂದು ಕಾಲು ಕಿಲೊದಿಂದ ಅರ್ಧ ಕಿಲೊ ತೂಗುವ ಹಳೆಯ ಜಾತಿ ಹಾಗಲ್ಲ. ತಾಯಿಯ ಗುಣ ಬೀಜದಲ್ಲಿ ನಿಲ್ಲುತ್ತದೆ. ಪೇಟೆಗೆ ಹೋಗದ ಹಣ್ಣಾದ್ದರಿಂದ ನಾವು ಹಿತ್ತಲಲ್ಲಿ ಬೆಳೆಯದಿದ್ದರೆ ಅದಕ್ಕೆ ಬೇರೆ ನೆಲೆಯಿಲ್ಲ.

ಕಸಬೆ ಡಿಗ್ರಜದ ಕೃಷಿ ಸಂಶೋಧನ ಕೇಂದ್ರವು ಅರಿಸಿನ, ಸೋಯಾಬೀನುಗಳಿಗೆ ಹೆಸರಾದುದು. ಈ ಟೊಮ್ಯಾಟೊ ಮಾತ್ರ ಮನೆಯ ಹೆಣ್ಣುಮಕ್ಕಳ ಒಕ್ಕಲುತನ.

ಕೃಷ್ಣೆಯ ದಂಡೆಯ ಎರೆಮಣ್ಣಿಗೆ ಕಸುವುಂಟು. ಆದರೆ ನೀರು ಬೇಗ ಇಂಗದು. ಆದ್ದರಿಂದ ಗೇಣೆತ್ತರದ ಏರುಮಡಿ ಮಾಡಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಬೇಕು. ಬದನೆ, ಮೆಣಸಿನಕಾಯಿ ಬೆಳೆದ ಜಾಗ ಬೇಡ. ಒಂದೇ ಕುಲದವು, ರೋಗಗಳೂ ಹಲವು ಒಂದೇ. ಸಪ್ಟೆಂಬರದ ನಡುವೆ ಬೀಜ ಹಾಕಿ, ಅಕ್ಟೋಬರದಲ್ಲಿ ಎರಡೂವರೆ ಅಡಿಗೊಂದರಂತೆ ಸಸಿ ನೆಡಬೇಕು. ತಡವಾಗಿ ಬೇಸಿಗೆಯಲ್ಲಿ ಹೂ ಬಿಟ್ಟರೆ ಕಾವಿಗೆ ಕಾಯಿ ಕಟ್ಟದೆ ಉದುರುತ್ತದೆ.

ಸಸಿಮಡಿಯ ಮೇಲೆ ತೆಳುವಾದ ಬಲೆಬಟ್ಟೆ ಇರಲಿ. ಬಿಳಿನೊಣ ಎಲೆಮುದುಡು ರೋಗ ತರುತ್ತದೆ. ಹೆಸರಘಟ್ಟದ ಅರ್ಕಾ ರಕ್ಷಕ್ ಸಂಕರಕ್ಕಿರುವ ತಡೆಯುವ ಶಕ್ತಿ ಈ ಹಳೆಯ ಜಾತಿಗಿಲ್ಲ. ಮುದುಡಿದ ಗಿಡವನ್ನು ಮರುಕಪಡದೆ ಕಿತ್ತು ಹಾಕಬೇಕು.

ಆರಡಿಯ ಬಿದಿರಿನ ಆಸರೆ ಕೊಟ್ಟು, ಪಕ್ಕದ ಚಿಗುರು ಚಿವುಟಿ, ಎರಡೇ ಕವಲು ಬಿಡಿರಿ. ಗೊಂಚಲಿಗೆ ಎರಡು ಮೂರು ಕಾಯಿ ಸಾಕು.

ಕಾಯಿಯ ಬುಡ ಕಪ್ಪಾದರೆ ರೋಗವೆಂದು ಔಷಧ ಹೊಡೆಯುವವರುಂಟು. ಹಣ ದಂಡ! ನೀರು ಒಮ್ಮೆ ಹೆಚ್ಚಿ ಒಮ್ಮೆ ಕಡಿಮೆಯಾದಾಗ ಸುಣ್ಣದ ಅಂಶ ಕಾಯಿಗೆ ಸಾಕಷ್ಟು ಮುಟ್ಟದೆ ಹಾಗಾಗುತ್ತದೆ. ಹಣ್ಣು ಬಿರಿಯುವುದಕ್ಕೂ ಹೆಚ್ಚಾಗಿ ಇದೇ ಕಾರಣ. ಕಬ್ಬಿನ ರವದಿಯನ್ನು ಸುಡುವ ಬದಲು ಬುಡಕ್ಕೆ ಹೊದಿಸಿ, ಹದವರಿತು ನೀರು ಕೊಡಿರಿ.

ಬೀಜಕ್ಕೆ ದೊಡ್ಡ ಹಣ್ಣನ್ನಷ್ಟೇ ಹುಡುಕಬೇಡಿರಿ, ಒಳ್ಳೆಯ ಗಿಡವನ್ನು ಹುಡುಕಿರಿ. ರೋಗ ಕಾಣದ ಗಿಡದ ಪೂರ್ಣ ಪಕ್ವವಾದ ಹಣ್ಣಿನ ತಿರುಳನ್ನು ಗಾಜಿನ ಪಾತ್ರೆಯಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟರೆ ಬೀಜದ ಲೋಳೆ ಕರಗುತ್ತದೆ. ಆಗ ನೀರು ಹಾಕಿದರೆ ಗಟ್ಟಿ ಬೀಜ ತಳ ಸೇರುತ್ತದೆ. ತೊಳೆದು, ತಟ್ಟೆಯಲ್ಲಿ ನೆರಳಿಗೆ ಒಣಗಿಸಬೇಕು. ಕಾಗದಕ್ಕೆ ಅಂಟಿಕೊಳ್ಳುತ್ತದೆ. ತೇವ ತಾಗದಂತಿಟ್ಟರೆ ನಾಲ್ಕು ವರ್ಷ ಮೊಳೆಯಬಲ್ಲದು.

ಇನ್ನೊಂದು ಮಾತು. 2019ರ ಮಹಾಪೂರ ಆಗಸ್ಟಿನಲ್ಲಿ ಬಂತು, 2021ರದು ಜುಲೈಯಲ್ಲಿ. ಆ ತಿಂಗಳುಗಳಲ್ಲಿ ಹಿತ್ತಲಲ್ಲಿ ಈ ಗಿಡವಿರುವುದಿಲ್ಲ. ಇಡೀ ಜಾತಿ ಪೊಟ್ಟಣದೊಳಗಿನ ಬೀಜದಲ್ಲಿರುತ್ತದೆ. ನೀರು ಆ ಮೂಲೆಗೆ ನುಗ್ಗಿದರೆ ಮುಗಿಯಿತು. ಆದ್ದರಿಂದ ಬೀಜವನ್ನು ಮೂರು ಪಾಲು ಮಾಡಿರಿ: ಒಂದು ನಮ್ಮ ಅಟ್ಟಕ್ಕೆ, ಒಂದು ಎತ್ತರದ ಓಣಿಯವರಿಗೆ, ಒಂದು ನದಿಯಿಂದ ದೂರದ ಜತ್ತಿನ ಕಡೆಯ ಬೀಗರಿಗೆ. ಪೊಟ್ಟಣದ ಮೇಲೆ ವರ್ಷ ಬರೆದಿರಲಿ.