ಉಗ್ರಾಣದ ಬಾಗಿಲು ತೆರೆದಿದೆಯೆ?

ಕೇಳಿದ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದರೆ ಅದಕ್ಕೆ ಎರಡು ಅರ್ಥಗಳುಂಟು: ಉಗ್ರಾಣದಲ್ಲಿ ಪದಾರ್ಥವಿಲ್ಲ, ಅಥವಾ ಉಗ್ರಾಣದ ಬಾಗಿಲೇ ತೆರೆಯಲಿಲ್ಲ. ಈ ಭೇದವನ್ನರಿಯದ ಸೇವಕನಿಂದ ಯಜಮಾನನಿಗೆ ಹಾನಿ ತಪ್ಪದು. ಮನುಷ್ಯನ ಪರವಾಗಿ ತಾನೇ ಕೆಲಸ ನಡೆಸುವ ಕೃತಕ ಬುದ್ಧಿಯ 'ಏಜೆಂಟ'ನಿಗೂ ಈ ಮಾತು ಸಲ್ಲುತ್ತದೆ. ರೋಗಿಗೆ ಒಗ್ಗದ ಔಷಧ ಯಾವುದೆಂದು ದತ್ತಕೋಶದಲ್ಲಿ ಹುಡುಕಹೊರಟ ಏಜೆಂಟನು, ಸಂಪರ್ಕ ಕಡಿದುದನ್ನು ತಿಳಿಯದೆ "ಅಂತಹ ದಾಖಲೆಯಿಲ್ಲ" ಎಂದುಬಿಟ್ಟರೆ ರೋಗಿಯ ಗತಿಯೇನು?

ಆದುದರಿಂದ ಏಜೆಂಟನ ಕೈಗೆ ಸಂಪರ್ಕವನ್ನು ಪರೀಕ್ಷಿಸುವ ಪುಟ್ಟ ಉಪಕರಣವೊಂದನ್ನು ಕೊಡುವುದುಂಟು. ಇಂತಹ ಉಪಕರಣಗಳನ್ನು ಜೋಡಿಸಲೆಂದು 2024ರ ನವೆಂಬರಿನಲ್ಲಿ ಆಂತ್ರೋಪಿಕ್ ಸಂಸ್ಥೆಯು 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್' ಎಂಬ ಮುಕ್ತ ಪದ್ಧತಿಯನ್ನು ಪ್ರಕಟಿಸಿತು. ಪರೀಕ್ಷೆಯ ತತ್ತ್ವವಾದರೋ ಅದಕ್ಕಿಂತ ಹಳೆಯದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ದತ್ತಕೋಶದ 9.3ನೆಯ ಆವೃತ್ತಿಯೊಡನೆ 2013ರಲ್ಲಿ ಬಂದ 'ಪಿಜಿ ಈಸ್‌ರೆಡಿ' ಎಂಬುದು ಬಾಗಿಲು ತಟ್ಟಿ, ಅಂಕೆಯೊಂದನ್ನು ಮರಳಿ ತರುತ್ತದೆ: 0 ಎಂದರೆ ಸ್ವಾಗತ, 1 ಎಂದರೆ ಒಳಗೆ ಎಚ್ಚರವಿದ್ದರೂ ಸದ್ಯಕ್ಕೆ ಪ್ರವೇಶವಿಲ್ಲ, 2 ಎಂದರೆ ಮರುದನಿಯೇ ಇಲ್ಲ, 3 ಎಂದರೆ ಬಾಗಿಲನ್ನು ತಟ್ಟಲೇ ಇಲ್ಲ. ಬೇರೆ ಅವಧಿಯನ್ನು ಗೊತ್ತುಪಡಿಸದಿದ್ದರೆ ಅದು 3 ಸೆಕೆಂಡು ಕಾಯುತ್ತದೆ.

ಆದರೆ ಗುಪ್ತಪದ ತಪ್ಪಾಗಿದ್ದರೂ ಈ ಉಪಕರಣವು 0 ಎಂದೇ ನುಡಿಯಬಹುದು. ಬಾಗಿಲು ತೆರೆದ ಮಾತ್ರಕ್ಕೆ ಒಳಹೋಗುವ ಅಧಿಕಾರ ದೊರೆತಂತಲ್ಲವಷ್ಟೆ! ಒಳಹೊಕ್ಕು 'ಸೆಲೆಕ್ಟ್ 1' ಎಂಬ ಕಿರುಪ್ರಶ್ನೆ ಕೇಳಿ, 1 ಎಂಬ ಉತ್ತರ ಪಡೆದು ಮುಂದುವರಿಯುವುದು ಲೇಸು. ಆ ಬಳಿಕವೂ ಕೊಂಡಿ ಕಳಚಬಹುದು. ಆಗ "ಇಲ್ಲ" ಎನ್ನದೆ "ನೋಡಲಾಗಲಿಲ್ಲ" ಎನ್ನುವುದೇ ಏಜೆಂಟನ ಧರ್ಮ.